‘ಬಿಟ್ರೆ ತಿರುಗಿ ಸಿಗೋಲ್ಲ’: ಶಿವಾಜಿನಗರದಿಂದ ಕೆ.ಆರ್. ಪುರಕ್ಕೆ ಬಸ್ಸು ಯಾಕೆ ತಡ?

ಬಿ.ಟಿ.ಎಸ್. ಅಂದರೆ ಏನು? ಕಾಗದದ ಮೇಲೆ ‘ಬೆಂಗಳೂರು ಟ್ರಾನ್ಸ್‌ಪೋರ್ಟ್ ಸರ್ವೀಸ್’. ಸ್ಟಾಪಿನಲ್ಲಿ ನಿಂತು ಕಾಲು ಸೋತ ಜನರ ಬಾಯಲ್ಲಿ ‘ಬಿಟ್ರೆ ತಿರುಗಿ ಸಿಗೋಲ್ಲ’! 1997ರಲ್ಲಿ ಬಿ.ಟಿ.ಎಸ್. ಹೋಗಿ ಬಿ.ಎಂ.ಟಿ.ಸಿ. ಬಂತು. ಬಸ್ಸಿನ ಬಣ್ಣ ಬದಲಾಯಿತು, ಬಾಗಿಲು ತಾನಾಗಿ ಮುಚ್ಚಿಕೊಳ್ಳೋ ಹಾಗಾಯಿತು, ಕರೆಂಟಿನಲ್ಲಿ ಓಡೋ ಬಸ್ಸೂ ಬಂತು. ಜನರ ಹಳೇ ಮಾತು ಮಾತ್ರ ಇನ್ನೂ ಸವೆದಿಲ್ಲ.

ಸಂಜೆ ಆರೂವರೆಗೆ ಶಿವಾಜಿನಗರ ಬಸ್ ನಿಲ್ದಾಣಕ್ಕೆ ಹೋಗಿ ನೋಡಿ. ಕೆ.ಆರ್. ಪುರದ ಕಡೆ ಹೋಗೋರು ಯಾರ್‍ಯಾರು? ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಬಂದ ಹೆಣ್ಣುಮಕ್ಕಳು. ರಸೆಲ್ ಮಾರ್ಕೆಟ್ಟಿನಿಂದ ಚೀಲ ಹೊತ್ತು ತಂದ ಚಿಕ್ಕ ವ್ಯಾಪಾರಿಗಳು. ಬೌರಿಂಗ್ ಆಸ್ಪತ್ರೆಯ ಚೀಟಿ ಕೈಯಲ್ಲಿ ಹಿಡಿದ ಅಜ್ಜಿ, ಪಕ್ಕದಲ್ಲಿ ಮೊಮ್ಮಗ. ಅರ್ಧ ಗಂಟೆ ಒಂದು ಬಸ್ಸೂ ಇಲ್ಲ. ಆಮೇಲೆ ಬಂದರೆ ಸಾಲಾಗಿ ಮೂರು! ಮೊದಲನೆಯದರಲ್ಲಿ ಬಾಗಿಲವರೆಗೂ ಜನ. ಮೂರನೆಯದರಲ್ಲಿ ಡ್ರೈವರು, ಕಂಡಕ್ಟರು ಮತ್ತು ಗಾಳಿ.

ಇದು ಡ್ರೈವರುಗಳು ಸೇರಿ ಆಡೋ ಆಟ ಅಂತ ಬಹಳ ಮಂದಿ ತಿಳಿದಿದ್ದಾರೆ. ಅಲ್ಲ ಸ್ವಾಮಿ, ಲೆಕ್ಕ ಬೇರೆ ಇದೆ. ಹತ್ತು ನಿಮಿಷಕ್ಕೊಂದರಂತೆ ಎರಡು ಬಸ್ಸು ಬಿಟ್ಟರು ಅಂತ ಇಟ್ಟುಕೊಳ್ಳಿ. ಮೊದಲನೆಯದು ಹಲಸೂರಿನಲ್ಲಿ ಒಂದು ಗೂಡ್ಸ್ ಆಟೋ ಹಿಂದೆ ಸಿಕ್ಕಿ ಮೂರು ನಿಮಿಷ ನಿಂತಿತು. ಅಷ್ಟರಲ್ಲಿ ಮುಂದಿನ ಸ್ಟಾಪಿನಲ್ಲಿ ಮೂರು ನಿಮಿಷದ ಜನ ಹೆಚ್ಚಿಗೆ ಸೇರಿದರು. ಅವರೆಲ್ಲ ಹತ್ತಬೇಕು, ಟಿಕೆಟ್ ತಗೋಬೇಕು. ಬಸ್ಸು ಇನ್ನೂ ತಡವಾಯಿತು. ಹಿಂದಿನ ಬಸ್ಸಿಗೆ ಹತ್ತೋರೇ ಇಲ್ಲ, ಅದು ಬುರ್ರನೆ ಬಂದು ಮುಂದಿನದರ ಬೆನ್ನಿಗೆ ಅಂಟಿಕೊಂಡಿತು. ಟಿನ್ ಫ್ಯಾಕ್ಟರಿ ಮುಟ್ಟೋ ಹೊತ್ತಿಗೆ ಎರಡೂ ಜೋಡಿ. ಲಂಡನ್ನಿನಲ್ಲೂ ಬಸ್ಸುಗಳ ಕಥೆ ಇದೇ. ಇದನ್ನು ಬಿಡಿಸೋ ಉಪಾಯ ಒಂದೇ: ಹಿಂದಿನ ಬಸ್ಸನ್ನು ನಡುವೆ ಎಲ್ಲಾದರೂ ನಾಲ್ಕು ನಿಮಿಷ ತಡೆದು ನಿಲ್ಲಿಸೋದು. 2016ರಲ್ಲೇ ಬಸ್ಸುಗಳಿಗೆ ಜಿ.ಪಿ.ಎಸ್. ಹಾಕಿ, ಯಾವ ಬಸ್ಸು ಎಲ್ಲಿದೆ ಅಂತ ಕೂತಲ್ಲೇ ನೋಡೋ ವ್ಯವಸ್ಥೆ ತಂದರು. ನೋಡಿದರೆ ಸಾಲದು, ‘ನೀನು ಸ್ವಲ್ಪ ನಿಲ್ಲಪ್ಪ’ ಅನ್ನೋ ಅಧಿಕಾರ ರಸ್ತೆಯಲ್ಲಿ ನಿಂತ ಒಬ್ಬ ಕಂಟ್ರೋಲರಿಗೆ ಇರಬೇಕು.

ಓಡೋದಕ್ಕಿಂತ ನಿಲ್ಲೋದೇ ಜಾಸ್ತಿ

ಬಸ್ಸು ನಿಧಾನ ಅಂತ ಎಲ್ಲರೂ ಬಯ್ಯುತ್ತಾರೆ. ಕಿಟಕಿ ಪಕ್ಕ ಕೂತು ಗಮನಿಸಿದರೆ ಬೇರೆ ಸಂಗತಿ ಕಾಣುತ್ತದೆ. ಬಸ್ಸು ಓಡುವಾಗ ಚೆನ್ನಾಗೇ ಓಡುತ್ತದೆ. ಹೊತ್ತು ಹೋಗೋದು ನಿಂತಲ್ಲಿ. ಜನ ತುಂಬಿದ ಬಸ್ಸಿನಲ್ಲಿ ಟಿಕೆಟ್ ಮುಗಿಯದೆ ಕಂಡಕ್ಟರು ‘ಹೋಲ್ಡಾನ್’ ಅಂತಾರೆ, ಬಸ್ಸು ಮುಂದಿನ ಸ್ಟೇಜಿಗೆ ಮೊದಲೇ ನಿಲ್ಲುತ್ತದೆ. ದಾರಿಯಲ್ಲಿ ಇಪ್ಪತ್ತು ಸ್ಟಾಪು, ಒಂದೊಂದರಲ್ಲಿ ಅರ್ಧ ನಿಮಿಷ ಉಳಿಸಿದರೆ ಹತ್ತು ನಿಮಿಷ ಉಳಿಯಿತು. ಅದಕ್ಕೆ ಫ್ಲೈಓವರ್ ಬೇಕಿಲ್ಲ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಪುಕ್ಕಟೆ ಪ್ರಯಾಣ. ಹಾಗಂತ ತಡಕ್ಕೆಲ್ಲ ಹೆಣ್ಣುಮಕ್ಕಳ ಮೇಲೆ ಗೂಬೆ ಕೂರಿಸೋದು ಬೇಡ. ಹಣ ಇಲ್ಲದಿದ್ದರೂ ಸೊನ್ನೆ ರೂಪಾಯಿ ಟಿಕೆಟ್ ಒಬ್ಬೊಬ್ಬರಿಗೂ ಹರಿದು ಕೊಡಲೇಬೇಕಲ್ಲ, ಹೊತ್ತು ಹಿಡಿಯೋದು ಅಲ್ಲಿ. ಊರೂರಿಗೆ ಹೋಗೋ ಕೆಂಪು ಬಸ್ಸಿನ ನಿಲ್ದಾಣಗಳಲ್ಲಿ ಗ್ರೌಂಡ್ ಬುಕಿಂಗ್ ನೋಡಿಲ್ಲವೇ? ಕಂಡಕ್ಟರು ಕೆಳಗೇ ನಿಂತು ಟಿಕೆಟ್ ಕೊಟ್ಟು ಮುಗಿಸುತ್ತಾರೆ. ಸಂಜೆ ಮೂರು ಗಂಟೆ ಕಾಲ ಶಿವಾಜಿನಗರದ ಕ್ಯೂನಲ್ಲಿ ಇಬ್ಬರು ಹಾಗೆ ಮಾಡಿದರೆ, ಹಲಸೂರಿಗೆ ಬರೋ ಹೊತ್ತಿಗೆ ಬಸ್ಸಿನ ಕಂಡಕ್ಟರ ಕೈ ಖಾಲಿ ಇರುತ್ತದೆ. ಚಿಲ್ಲರೆ ಜಗಳವೂ ಇಲ್ಲ. ಟಿಕೆಟ್ಟಿನ ಹಿಂದೆ ಬಾಕಿ ಬರೆಸಿಕೊಂಡು, ಇಳಿಯೋ ಗಡಿಬಿಡಿಯಲ್ಲಿ ಮರೆತು ಕೈಕೈ ಹಿಸುಕಿಕೊಂಡವರು ನಮ್ಮ ಓದುಗರಲ್ಲಿ ಎಷ್ಟಿಲ್ಲ!

ಹುಬ್ಬಳ್ಳಿ–ಧಾರವಾಡದಲ್ಲಿ ಇದನ್ನು ಪೂರಾ ಮಾಡಿ ತೋರಿಸಿದ್ದಾರೆ. ಅಲ್ಲಿನ ‘ಚಿಗರಿ’ ಬಸ್ಸು 2018ರಲ್ಲಿ ಓಡಲು ಶುರುವಾಯಿತು. ಸುಮಾರು 22 ಕಿಲೋಮೀಟರ್, ನಡುರಸ್ತೆಯಲ್ಲಿ ತನ್ನದೇ ಹಾದಿ, ಟಿಕೆಟ್ ನಿಲ್ದಾಣದಲ್ಲೇ. ಅಲ್ಲೂ ತಕರಾರು ತಪ್ಪಿಲ್ಲ. ಮಿಕ್ಕ ವಾಹನಗಳಿಗೆ ರಸ್ತೆ ಸಾಲದಾಯಿತು ಅನ್ನೋ ಕೂಗು ಇದೆ. ಹಲಸೂರಿನ ರಸ್ತೆಯಲ್ಲಿ ಅಷ್ಟು ಅಗಲ ಯಾರ ಅಪ್ಪನ ಮನೆಯಿಂದ ತರೋಣ? ಚಿಗರಿ ಹಾದಿ ಇಲ್ಲಿಗೆ ಬೇಡ, ಅದರ ಟಿಕೆಟ್ ಬುದ್ಧಿ ಸಾಕು.

ಬಸ್ಸಿನದೇ ಹಾದಿ ನಮ್ಮಲ್ಲೂ ಒಂದು ಸಲ ಬಂದಿತ್ತು, ನೆನಪಿದೆಯೇ? 2019ರ ಅಕ್ಟೋಬರಿನಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಕೆ.ಆರ್. ಪುರ ಕಡೆಯಿಂದ ಸಿಲ್ಕ್ ಬೋರ್ಡಿಗೆ ಎಡಗಡೆ ಕಂಬ ನೆಟ್ಟು ಬಸ್ಸಿಗೆ ಅಂತಲೇ ಒಂದು ಪಟ್ಟಿ ಬಿಟ್ಟರು. 500ಡಿ ಬಸ್ಸಿನಲ್ಲಿ ಕೂತವರು ಪಕ್ಕದ ಕಾರುಗಳನ್ನು ಹಿಂದೆ ಹಾಕಿ ಹೋದ ದಿನಗಳೂ ಇದ್ದವು. ಹೊಟ್ಟೆಕಿಚ್ಚಿಗೋ ಏನೋ, ಕಾರು ಬೈಕುಗಳೂ ಒಳಗೆ ನುಗ್ಗಿದವು. 2020ರ ಮಾರ್ಚಿನಲ್ಲಿ ಕೊರೋನಾ ಬಂತು, ರಸ್ತೆಯೇ ಖಾಲಿಯಾಯಿತು. ಆಮೇಲೆ ಅದೇ ರಸ್ತೆಗೆ ಮೆಟ್ರೋ ಕೆಲಸ ಬಂತು. ಕಂಬಗಳು ಮಾಯ!

ಮೆಟ್ರೋ ಇದೆಯಲ್ಲ, ಬಸ್ಸು ಯಾಕೆ ಅನ್ನೋರಿಗೆ 2023ರ ಕಥೆ ಹೇಳಬೇಕು. ಮಾರ್ಚ್ 25ಕ್ಕೆ ವೈಟ್‌ಫೀಲ್ಡಿನಿಂದ ಕೆ.ಆರ್. ಪುರಕ್ಕೆ ಮೆಟ್ರೋ ಬಂತು. ಅಲ್ಲಿಂದ ಬೈಯಪ್ಪನಹಳ್ಳಿಗೆ ಬರೀ ಎರಡು ಕಿಲೋಮೀಟರ್ ಬಾಕಿ. ಅದು ಸೇರಿದ್ದು ಅಕ್ಟೋಬರ್ 9ಕ್ಕೆ. ಆರೂವರೆ ತಿಂಗಳು ಆ ಎರಡು ಕಿಲೋಮೀಟರನ್ನು ದಾಟಿಸಿದ್ದು ಬಸ್ಸು. ಹದಿಮೂರು ಕಿಲೋಮೀಟರ್ ತಣ್ಣಗೆ ಬಂದು ಟಿನ್ ಫ್ಯಾಕ್ಟರಿಯಲ್ಲಿ ಬೆವರು ಒರೆಸಿಕೊಂಡವರಿಗೆ, ಮೇಲಿನ ರೈಲು ಎಷ್ಟು ಜೋರಾಗಿ ಓಡಿದರೂ ಕೆಳಗಿನ ರಸ್ತೆ ಬಿಗಿದರೆ ಮನೆ ಸೇರೋದು ತಡವೇ ಅಂತ ಗೊತ್ತಾಯಿತು.

ಅಂಗಡಿಯವರ ಮಾತು

ಬಸ್ ಬೇ ಖಾಲಿ ಮಾಡಿಸಿ, ಬಸ್ಸಿಗೆ ಜಾಗ ಬಿಡಿ ಅಂದರೆ ಮೊದಲು ಮುಖ ಗಂಟಿಕ್ಕೋರು ನಮ್ಮ ಅಂಗಡಿ ಯಜಮಾನರು. ‘ಗಿರಾಕಿ ಸ್ಕೂಟರು ಎಲ್ಲಿ ನಿಲ್ಲಿಸಬೇಕು? ಸಾಮಾನಿನ ಲಾರಿ ಎಲ್ಲಿ ಬರಬೇಕು?’ ಅಂತ ಕೇಳುತ್ತಾರೆ. ಸುಮ್ಮನೆ ತಳ್ಳಿಹಾಕೋ ಮಾತಲ್ಲ ಇದು. ಇಂದಿರಾನಗರದ ಸಿ.ಎಂ.ಎಚ್. ರಸ್ತೆಗೆ ಮೆಟ್ರೋ ಬರುತ್ತದೆ ಅಂದಾಗ ವ್ಯಾಪಾರಿಗಳು ಬೀದಿಗಿಳಿದರು, ಕೋರ್ಟಿಗೂ ಹೋದರು. ಕೆಲಸ ನಡೆದ ವರ್ಷಗಳಲ್ಲಿ ಧೂಳು ತಿಂದವರು ಅವರೇ. 2011ರ ಅಕ್ಟೋಬರ್ 20ಕ್ಕೆ ರೈಲು ಓಡಿತು. ಇವತ್ತೂ ಅದು ಅಂಗಡಿ ಬೀದಿಯೇ.

ಆದರೆ ಯಜಮಾನರೇ, ಒಂದು ಲೆಕ್ಕ ನೀವೇ ಹಾಕಿ. ನಿಮ್ಮ ಅಂಗಡಿ ಮುಂದೆ ಒಂದು ಕಾರು ಹಿಡಿಸೋ ಜಾಗದಲ್ಲಿ ದಿನಕ್ಕೆ ಎಷ್ಟು ಗಿರಾಕಿ ಇಳಿದರು? ಎಷ್ಟೋ ಕಡೆ ಆ ಕಾರು ಅಂಗಡಿಯವರದೇ, ಬೆಳಗ್ಗೆ ನಿಲ್ಲಿಸಿದ್ದು ರಾತ್ರಿ ತೆಗೆಯೋದು! ಅಲ್ಲಿಗೇ ಒಂದು ಬಸ್ಸು ಬಂದು ಹತ್ತು ಜನರನ್ನು ಇಳಿಸಿ ಅರ್ಧ ನಿಮಿಷದಲ್ಲಿ ಹೋಗುತ್ತದೆ. ಇನ್ನೊಂದು ಸಂಗತಿ. ಬೆಳಗ್ಗೆ ನಿಮ್ಮ ಬಾಗಿಲು ತೆಗೆಯೋ ಹುಡುಗ ಯಾವುದರಲ್ಲಿ ಬರ್ತಾನೆ? ಅವನು ತಡ ಅಂತ ಸಂಬಳ ಹಿಡಿಯೋ ಮುಂಚೆ, ಅವನ ಬಸ್ಸು ನಿಲ್ಲಬೇಕಾದ ಜಾಗದಲ್ಲಿ ಯಾರ ಲಾರಿ ನಿಂತಿತ್ತು ಅಂತ ಒಂದು ಸಲ ಕೇಳಿನೋಡಿ.

ಲಾರಿ ಬರಲೇಬೇಕು, ಬರಲಿ. ಬೆಳಗ್ಗೆ ಎಂಟಕ್ಕೆ ಮುಂಚೆ ಬರಲಿ, ಇಲ್ಲವೇ ಮಧ್ಯಾಹ್ನ. ಬೆಳಗ್ಗೆ ಎಂಟರಿಂದ ಹನ್ನೊಂದು, ಸಂಜೆ ಐದರಿಂದ ಎಂಟು, ಇಷ್ಟು ಹೊತ್ತು ಹಲಸೂರಿನಿಂದ ಟಿನ್ ಫ್ಯಾಕ್ಟರಿವರೆಗೆ ಬಸ್ ಸ್ಟಾಪಿನ ಹಿಂದೆ ಮುಂದೆ ಒಂದೊಂದು ಬಸ್ಸಿನಷ್ಟು ಉದ್ದ ಖಾಲಿ ಇದ್ದರೆ ಸಾಕು. ಆಟೋ ಅಣ್ಣಂದಿರೂ ಅಷ್ಟು ದೂರ ಸರಿದು ನಿಲ್ಲಲಿ. ಇದಕ್ಕೆ ಬೇಕಾದದ್ದು ಬಿಳಿ ಬಣ್ಣ, ನಾಲ್ಕಾರು ಪೊಲೀಸರು, ಮೊದಲ ತಿಂಗಳು ದಯೆ ದಾಕ್ಷಿಣ್ಯ ಇಲ್ಲದ ದಂಡ. ಜಾಗ ಸಿಕ್ಕಮೇಲೂ ನಡುರಸ್ತೆಯಲ್ಲಿ ಅಡ್ಡ ನಿಲ್ಲಿಸೋ ಬಸ್ ಡ್ರೈವರಿಗೂ ಅದೇ ದಂಡ ಬೀಳಲಿ, ಆಗ ಅಂಗಡಿಯವರೂ ಒಪ್ಪುತ್ತಾರೆ.

ಅದೆಲ್ಲ ಆಗೋವರೆಗೆ, ಶಿವಾಜಿನಗರದಲ್ಲಿ ಕಾಯೋರಿಗೆ ಒಂದು ಕಿವಿಮಾತು: ಮೂರು ಬಸ್ಸು ಒಟ್ಟಿಗೆ ಬಂದರೆ ಮೊದಲನೆಯದಕ್ಕೆ ಮುಗಿಬೀಳಬೇಡಿ. ಬೋರ್ಡು ಒಂದೇನಾ ಅಂತ ನೋಡಿ, ಹಿಂದಿನದಕ್ಕೆ ಹತ್ತಿ. ಸೀಟು ಸಿಗುತ್ತೆ.