ಹಾರ್ನ್ ಸದ್ದಿಗೆ ಹುಟ್ಟಿದ ಹಳದಿ ದಾರಿ

ಸ್ವಿಟ್ಜರ್ಲೆಂಡ್ ನೋಡಿ ಬಂದ ನಮ್ಮವರ ಫೋಟೊಗಳಲ್ಲಿ ಟಿಟ್ಲಿಸ್ ಶಿಖರದ ಹಿಮ ಇರುತ್ತದೆ, ಅಲ್ಲಿ ನಿಲ್ಲಿಸಿರುವ ಶಾರುಖ್–ಕಾಜೋಲ್ ಕಟೌಟ್ ಇರುತ್ತದೆ, 3,454 ಮೀಟರ್ ಎತ್ತರದ ಯುಂಗ್‌ಫ್ರೌಯೋಕ್ ರೈಲು ನಿಲ್ದಾಣ ಇರುತ್ತದೆ. ಅವೇ ಫೋಟೊಗಳ ಅಂಚಿನಲ್ಲಿ ಹಳದಿ ಫಲಕವೊಂದು ಆಗಾಗ ಇಣುಕುತ್ತದೆ. ಚೂಪಾದ ತುದಿ, ಒಂದು ಊರಿನ ಹೆಸರು, ಪಕ್ಕದಲ್ಲಿ ಗಂಟೆ-ನಿಮಿಷಗಳ ಲೆಕ್ಕ. ಎಷ್ಟು ಕಿಲೋಮೀಟರ್ ಎಂದು ಬರೆದಿರುವುದಿಲ್ಲ. ನಡೆದರೆ ಎಷ್ಟು ಹೊತ್ತು ಎಂದು ಬರೆದಿರುತ್ತದೆ. ಇಂಥ ಫಲಕಗಳನ್ನು ನೆಚ್ಚಿಕೊಂಡು, ಅಲ್ಲಿನ ಭಾಷೆ ಬಾರದವರೂ ಗೈಡ್ ಇಲ್ಲದೆ ನಡೆಯಬಹುದಾದ ದಾರಿಯ ಒಟ್ಟು ಉದ್ದ ಸುಮಾರು 65,000 ಕಿ.ಮೀ. ಬೆಟ್ಟ ನಿಸರ್ಗದ ಕೊಡುಗೆ, ನಿಜ. ಆದರೆ ಬೆಟ್ಟದೊಳಗೆ ನಡೆದುಹೋಗುವ ಈ ಅನುಕೂಲವನ್ನು ಅಲ್ಲಿನ ಜನ ಜಗಳವಾಡಿ, ಸಹಿ ಹಾಕಿ, ಮತ ಚಲಾಯಿಸಿ ಗಳಿಸಿಕೊಂಡರು.

ಆಲ್ಪ್ಸ್‌ಗೆ ಪ್ರವಾಸಿಗರ ದಂಡು ಬರತೊಡಗಿದ್ದು ಹತ್ತೊಂಬತ್ತನೇ ಶತಮಾನದಲ್ಲಿ. 1863ರಲ್ಲಿ ಪ್ರವಾಸ ಏರ್ಪಡಿಸುತ್ತಿದ್ದ ಥಾಮಸ್ ಕುಕ್ ಇಂಗ್ಲೆಂಡಿನಿಂದ ತನ್ನ ಮೊದಲ ತಂಡವನ್ನು ಸ್ವಿಟ್ಜರ್ಲೆಂಡಿಗೆ ಕರೆತಂದ. ಆ ತಂಡದಲ್ಲಿದ್ದ ಜೆಮೈಮಾ ಮೊರೆಲ್ ಎಂಬ ಮಹಿಳೆ ದಿನಚರಿ ಬರೆದಿಟ್ಟಳು. ಅವರು ರೈಲು, ದೋಣಿ, ಕುದುರೆಗಾಡಿ ಏರಿದರು. ಉಳಿದ ಕಡೆ ಹೇಸರಗತ್ತೆಗಳ ಜಾಡಿನಲ್ಲಿ ಕಾಲ್ನಡಿಗೆಯೇ. ಆಗ ಕಣಿವೆಯ ರಸ್ತೆಯಲ್ಲಿ ನಡೆಯುವವನಿಗೆ ಯಾರ ಹೆದರಿಕೆಯೂ ಇರಲಿಲ್ಲ. ಮುಂದೆ 1912ರಲ್ಲಿ ಜಾರಿಗೆ ಬಂದ ನಾಗರಿಕ ಸಂಹಿತೆ, ಸ್ಥಳದ ರೂಢಿಗೆ ತಕ್ಕಂತೆ ಕಾಡು ಮತ್ತು ಹುಲ್ಲುಗಾವಲುಗಳಿಗೆ ಯಾರು ಬೇಕಾದರೂ ಕಾಲಿಡಬಹುದು ಎಂದಿತು. ಕಾಡಿನ ಬಾಗಿಲು ತೆರೆಯಿತು. ಅಲ್ಲಿಗೆ ಹೋಗುವ ರಸ್ತೆ ಮಾತ್ರ ಕೈತಪ್ಪುತ್ತಿತ್ತು.

ಕಾರು ಬಂದಿತ್ತು. ಗ್ರೌಬುಂಡೆನ್ ಪ್ರಾಂತ್ಯದವರಿಗೆ ಅದನ್ನು ಕಂಡರೆ ಎಷ್ಟು ಸಿಟ್ಟೆಂದರೆ, 1900ರಿಂದ 1925ರವರೆಗೆ ತಮ್ಮ ರಸ್ತೆಗಳಲ್ಲಿ ಕಾರನ್ನೇ ನಿಷೇಧಿಸಿದ್ದರು. ಕೊನೆಗೆ ಅವರೂ ಸೋತರು. 1,948 ಮೀಟರ್ ಎತ್ತರದ ಕ್ಲೌಸೆನ್ ಘಾಟಿಯಲ್ಲಂತೂ 1922ರಿಂದ 1934ರವರೆಗೆ ಕಾರು ರೇಸುಗಳೇ ನಡೆದವು. ಇದೇ ಘಾಟಿಯಲ್ಲಿ ಯೋಹಾನ್ ಯಾಕೋಬ್ ಎಸ್ ಎಂಬ ಶಾಲಾ ಮೇಷ್ಟರು ಮಕ್ಕಳನ್ನು ನಡೆಸಿಕೊಂಡು ಹೋಗುತ್ತಿದ್ದಾಗ ಹಾರ್ನ್ ಹೊಡೆಯುತ್ತಾ ಬಂದ ವಾಹನಗಳು ಅವರನ್ನೆಲ್ಲ ಬದಿಗೆ ತಳ್ಳಿದವಂತೆ. ನಡೆಯುವವರಿಗೆ ಪ್ರತ್ಯೇಕ ದಾರಿಯೇ ಬೇಕೆಂದು ಮೇಷ್ಟರು ಪಟ್ಟು ಹಿಡಿದರು. ಒಟ್ಟೊ ಬಿಂಡರ್ ಎಂಬವರ ಜೊತೆ ಸೇರಿ 1934ರ ಡಿಸೆಂಬರಿನಲ್ಲಿ ಜೂರಿಕ್‌ನಲ್ಲಿ ಕಾಲುದಾರಿಗಳ ರಾಷ್ಟ್ರೀಯ ಸಂಘ ಕಟ್ಟಿದರು. ಇಡೀ ದೇಶಕ್ಕೆ ಒಂದೇ ಬಗೆಯ ಫಲಕ, ಒಂದೇ ಬಣ್ಣ, ಅದು ಹಳದಿ ಎಂದು ನಿಗದಿಯಾಯಿತು.

ಎರಡನೇ ಮಹಾಯುದ್ಧ ಬಂದಾಗ ಅವೇ ಫಲಕಗಳು ಅಪಾಯವೆನಿಸಿದವು. ನುಗ್ಗಿಬರುವ ಶತ್ರುವಿಗೂ ಅವು ದಾರಿ ತೋರಿಸುತ್ತವಲ್ಲ! ಸೇನೆಯ ಆಜ್ಞೆಯಂತೆ ಎಲ್ಲವನ್ನೂ ಕಳಚಿದರು. ಯುದ್ಧ ಮುಗಿದ ಮೇಲೆ ಮತ್ತೆ ನೆಟ್ಟರು.

ಆಮೇಲಿನ ದಶಕಗಳಲ್ಲಿ ಹೆದ್ದಾರಿ ಬೆಳೆಯಿತು, ಹೊಲದ ದಾರಿಗಳಿಗೂ ಡಾಂಬರು ಬಿತ್ತು. ಸಂಘದ ಸದಾಶಯವೊಂದೇ ಸಾಲದು, ಕಾಲುದಾರಿಗೆ ಸಂವಿಧಾನದಲ್ಲೇ ಜಾಗ ಬೇಕು ಎಂದು ನಡಿಗೆಪ್ರಿಯರು ಸಹಿ ಸಂಗ್ರಹಕ್ಕಿಳಿದರು. 1 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಸಂಸತ್ತು ತನ್ನದೇ ಕರಡು ಮುಂದಿಟ್ಟಿತು. 1979ರ ಫೆಬ್ರವರಿ 18ರಂದು ಅದು ಜನಮತಕ್ಕೆ ಬಂತು. ಅಂದು ಮತದಾರರ ಮುಂದಿದ್ದ ಪ್ರಶ್ನೆಗಳು ನಾಲ್ಕು. ಮತದಾನದ ವಯಸ್ಸನ್ನು 18ಕ್ಕೆ ಇಳಿಸುವುದು ಬಿದ್ದುಹೋಯಿತು. ತಂಬಾಕು-ಮದ್ಯದ ಜಾಹೀರಾತು ನಿಷೇಧ ಬಿದ್ದುಹೋಯಿತು. ಅಣುಸ್ಥಾವರಗಳಿಗೆ ಕಡಿವಾಣ ಹಾಕುವ ಪ್ರಸ್ತಾವವೂ ಕೂದಲೆಳೆಯಲ್ಲಿ ಸೋತಿತು. ಗೆದ್ದದ್ದು ಕಾಲುದಾರಿಯೊಂದೇ, ಅದೂ ಮುಕ್ಕಾಲು ಪಾಲು ಮತಗಳಿಂದ!

ಇದಕ್ಕಾಗಿ 1985ರಲ್ಲಿ ರೂಪಿಸಿದ ಕಾನೂನು 1987ರಲ್ಲಿ ಜಾರಿಗೆ ಬಂತು. ದಾರಿಗಳನ್ನು ಗುರುತಿಸಿ ಕಾಪಾಡುವುದು ಪ್ರಾಂತ್ಯಗಳ ಹೊಣೆ. ಕಾನೂನಿನ ಹಲ್ಲು ಇರುವುದು ಏಳನೇ ಕಲಮಿನಲ್ಲಿ: ಇರುವ ಕಾಲುದಾರಿಯನ್ನು ತೆಗೆಯಬೇಕಾಗಿ ಬಂದರೆ ತಕ್ಕ ಬದಲಿ ದಾರಿ ಕೊಡಬೇಕು. ನಡಿಗೆಗೆ ಒಗ್ಗದ ಡಾಂಬರನ್ನು ಉದ್ದಕ್ಕೂ ಹಾಸಿದರೂ ಇದೇ ನಿಯಮ. ಬುಲ್ಡೋಜರ್ ಬರುವ ಮುಂಚೆ ಪರ್ಯಾಯ ಹುಡುಕಲೇಬೇಕು.

ಇಂದಿನ ಪ್ರವಾಸಿಗೆ ಇದೆಲ್ಲ ಬಣ್ಣಗಳ ರೂಪದಲ್ಲಿ ಕಾಣುತ್ತದೆ. ಬರೀ ಹಳದಿಯಾದರೆ ಯಾರು ಬೇಕಾದರೂ ನಡೆಯಬಹುದು. ಬಂಡೆಯ ಮೇಲೆ ಬಿಳಿ-ಕೆಂಪು-ಬಿಳಿ ಪಟ್ಟೆ ಇದ್ದರೆ ಬೆಟ್ಟದ ದಾರಿ; ಗಟ್ಟಿ ಬೂಟು ಬೇಕು, ತಲೆ ತಿರುಗುವವರಿಗೆ ಸಲ್ಲದು. ಬಿಳಿ-ನೀಲಿ-ಬಿಳಿ ಎಂದರೆ ಹಿಮನದಿ ದಾಟುವುದೂ ಬಂಡೆ ಹತ್ತುವುದೂ ಇರಬಹುದಾದ ಆಲ್ಪೈನ್ ಮಾರ್ಗ, ಪಳಗಿದವರಿಗೆ ಮಾತ್ರ. ಫಲಕದ ಮೇಲಿನ ಹೊತ್ತೂ ಅಂದಾಜಿನದಲ್ಲ. ಸಮತಟ್ಟಿನಲ್ಲಿ ಗಂಟೆಗೆ 4.2 ಕಿ.ಮೀ. ವೇಗವನ್ನು ಆಧಾರವಾಗಿಟ್ಟು, ಏರು-ಇಳಿತಗಳನ್ನು ಗಣಿತಸೂತ್ರಕ್ಕೆ ಹಾಕಿ ತೆಗೆದ ಲೆಕ್ಕ ಅದು. ದಣಿವಾರಿಸಿಕೊಳ್ಳಲು ಕೂತ ಸಮಯ ಅದರಲ್ಲಿ ಸೇರಿಲ್ಲ. ಫೋಟೊ ತೆಗೆಯುತ್ತಾ ನಿಲ್ಲುವ ನಾವು ಅದನ್ನು ಬೇರೆಯೇ ಕೂಡಿಸಿಕೊಳ್ಳಬೇಕು. ಫಲಕ ಒರೆಸಿ, ಬಣ್ಣ ಬಳಿದು, ಬಾಗಿದ ಕಂಬ ನೆಟ್ಟಗೆ ಮಾಡುವವರಲ್ಲಿ ಹೆಚ್ಚಿನವರು ಸ್ವಯಂಸೇವಕರು.

2018ರಲ್ಲಿ ಸ್ವಿಸ್ ಜನ ಮತ್ತೊಮ್ಮೆ ಮತ ಹಾಕಿ, ಕಾಲುದಾರಿಯ ಬಗ್ಗೆ ಹೇಳುವ ಸಂವಿಧಾನದ 88ನೇ ವಿಧಿಗೆ ಸೈಕಲ್ ದಾರಿಯನ್ನೂ ಸೇರಿಸಿದರು. ಈಗ ಬೆಟ್ಟದ ಇಕ್ಕಟ್ಟು ಹಾದಿಗಳಲ್ಲಿ ನಡೆಯುವವರಿಗೂ ಮೌಂಟನ್ ಬೈಕಿನವರಿಗೂ ತಿಕ್ಕಾಟ ಶುರುವಾಗಿದೆ. ದಾರಿ ಹಂಚಿಕೊಳ್ಳಬೇಕೆ, ಬೇರೆ ಮಾಡಬೇಕೆ ಎಂದು ಪ್ರಾಂತ್ಯಗಳು ತಲೆ ಕೆಡಿಸಿಕೊಳ್ಳುತ್ತಿವೆ. ಮೇಷ್ಟರ ಕಾಲದಲ್ಲಿ ದೂರು ಹೇಳಿಕೊಳ್ಳಲು ಕಾನೂನೇ ಇರಲಿಲ್ಲ. ಈಗಿನ ಜಗಳಕ್ಕೆ ಕೈಯಲ್ಲಿ ಸಂವಿಧಾನದ ವಿಧಿಯೊಂದಿದೆ.