ಬ್ಯಾಂಕ್ ಖಾತೆಯ ದಿಡ್ಡಿ ಬಾಗಿಲು



ಅಡಿಕೆಯಾಗಲಿ, ಘಟ್ಟದ ಮೇಲಿನ ಕಾಫಿಯಾಗಲಿ ವರ್ಷಕ್ಕೊಮ್ಮೆ ಕೈಗೆ ಬರುವ ಬೆಳೆ. ಮಾರಿದ ಹಣ ಒಂದೆರಡು ಕಂತಿನಲ್ಲಿ ಬ್ಯಾಂಕಿನ ಖಾತೆಗೆ ಜಮೆಯಾಗುತ್ತದೆ. ಮಳೆಗಾಲಕ್ಕೆ ಮೊದಲು ತರಬೇಕಾದ ಮೈಲುತುತ್ತ, ಕೊನೆ ಕೊಯ್ಯುವವರ ಕೂಲಿ, ಮಕ್ಕಳ ಫೀಸು, ಸಾಲದ ಕಂತು ಎಲ್ಲವೂ ಅದರಿಂದಲೇ ನಡೆಯಬೇಕು. ತಿಂಗಳ ಸಂಬಳದವರಿಗೆ ಹತ್ತು ಸಾವಿರ ಹೋದರೆ ಮುಂದಿನ ತಿಂಗಳು ಹೇಗೋ ಸರಿದೂಗಿಸಬಹುದು. ನಮ್ಮಲ್ಲಿ ಹೋದದ್ದು ಮುಂದಿನ ಕೊಯ್ಲಿನ ತನಕ ಹೋದದ್ದೇ.

ಈಚೆಗೆ ಸಂಘದ ಕಛೇರಿಗೆ ಬರುವ ಸದಸ್ಯರು ಗೊಬ್ಬರದ ದರಕ್ಕಿಂತ ಹೆಚ್ಚಾಗಿ ಬ್ಯಾಂಕಿನ ಮಾತನ್ನೇ ಎತ್ತುತ್ತಾರೆ. ಖಾತೆಯಿಂದ ತನಗೆ ತಿಳಿಯದೆ ಹಣ ಹೋಗಿದೆಯೆಂದು ಶಾಖೆಗೆ ಹೋದರೆ ಮೊದಲು ಸಿಗುವ ಉತ್ತರ, “ನೀವೇ ಯಾರಿಗೋ ಓಟಿಪಿ ಹೇಳಿರಬೇಕು” ಎಂಬುದು. ಸ್ಮಾರ್ಟ್ ಫೋನನ್ನು ಕೈಯಲ್ಲಿ ಹಿಡಿಯದ ಹಿರಿಯರಿಗೂ ಅದೇ ಉತ್ತರ. ಆಮೇಲೆ “ಪೊಲೀಸರಲ್ಲಿ ದೂರು ಕೊಡಿ” ಎನ್ನುತ್ತಾರೆ. ಹಣ ಕಳೆದುಕೊಂಡವನು ತಪ್ಪಿತಸ್ಥನಂತೆ ತಲೆ ತಗ್ಗಿಸಿ ಹೊರಗೆ ಬರುತ್ತಾನೆ. ಹೀಗೆ ತಲೆ ತಗ್ಗಿಸುವ ಅಗತ್ಯವಿಲ್ಲವೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಖಾತೆಯಲ್ಲಿರುವ ಹಣ ಯಾರದು?

ಬ್ಯಾಂಕಿನಲ್ಲಿ ಹಣ ಇಡುವುದೆಂದರೆ ಪೆಟ್ಟಿಗೆಯಲ್ಲಿ ನೋಟು ಇಟ್ಟು ಬೀಗ ಹಾಕಿದಂತಲ್ಲ. ಕಾನೂನಿನ ದೃಷ್ಟಿಯಲ್ಲಿ ನಾವು ಬ್ಯಾಂಕಿಗೆ ಕೊಟ್ಟದ್ದು ಸಾಲ. ಬ್ಯಾಂಕು ನಮಗೆ ಋಣಿ. ನಾವು ಅಪ್ಪಣೆ ಕೊಟ್ಟಾಗ, ನಾವು ಹೇಳಿದವರಿಗೆ ಅದು ಹಣ ಕೊಡಬೇಕು. ಚೆಕ್ಕಿನ ಮೇಲಿನ ರುಜು ಆ ಅಪ್ಪಣೆ. ಸಂಘವು ಸದಸ್ಯರೊಬ್ಬರಿಗೆ ಕೊಡಬೇಕಾದ ಅಡಿಕೆಯ ಹಣವನ್ನು ಬೇರೆ ಯಾರೋ ಕಳ್ಳ ರುಜು ಹಾಕಿ ಒಯ್ದರೆ ಸಂಘದ ಬಾಕಿ ತೀರಿತೇ? ಇಲ್ಲ. ಮೋಸ ಹೋದದ್ದು ಸಂಘ, ಸದಸ್ಯರಲ್ಲ. ಬ್ಯಾಂಕಿಗೂ ಇದೇ ನ್ಯಾಯ.

ಇದು ಬರಿಯ ವಾದವಲ್ಲ. ನಮ್ಮ ಕರಾವಳಿಯ ಮಂಗಳೂರಿನದೇ ಒಂದು ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯ 1987ರಲ್ಲಿ ಹೀಗೆ ತೀರ್ಪು ಕೊಟ್ಟಿದೆ. ಕೆನರಾ ಸೇಲ್ಸ್ ಕಾರ್ಪೊರೇಷನ್ ಎಂಬ ಕಂಪೆನಿಯ ಖಾತೆ ಕೆನರಾ ಬ್ಯಾಂಕಿನಲ್ಲಿತ್ತು. ಚೆಕ್ ಪುಸ್ತಕ ಕೈಯಲ್ಲಿದ್ದ ಕಂಪೆನಿಯ ನೌಕರನೇ ಆಡಳಿತ ನಿರ್ದೇಶಕರ ರುಜುವನ್ನು ನಕಲು ಮಾಡಿ 42 ಚೆಕ್ಕುಗಳಲ್ಲಿ ಸುಮಾರು 3 ಲಕ್ಷ 26 ಸಾವಿರ ರೂಪಾಯಿ ತೆಗೆದಿದ್ದ. “ಲೆಕ್ಕದ ಪಟ್ಟಿ ನಿಮಗೆ ಬರುತ್ತಲೇ ಇತ್ತು, ಇಷ್ಟು ದಿನ ಸುಮ್ಮನಿದ್ದಿರಿ, ಆದ್ದರಿಂದ ನಷ್ಟ ನಿಮ್ಮದು” ಎಂಬುದು ಬ್ಯಾಂಕಿನ ವಾದದ ತಿರುಳು. ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ನಕಲಿ ರುಜು ಇರುವ ಚೆಕ್ಕು ಗ್ರಾಹಕನ ಅಪ್ಪಣೆಯೇ ಅಲ್ಲ, ಅಪ್ಪಣೆಯಿಲ್ಲದೆ ಕೊಟ್ಟ ಹಣವನ್ನು ಗ್ರಾಹಕನ ಲೆಕ್ಕಕ್ಕೆ ಖರ್ಚು ಹಾಕುವಂತಿಲ್ಲ ಎಂದು ತೀರ್ಮಾನಿಸಿತು.

ರುಜುವಿನ ಜಾಗಕ್ಕೆ ಬಂದ ಬೆರಳು

ಈಗ ಚೆಕ್ಕಿನ ಬಳಕೆ ಕಡಿಮೆ. ಆದರೆ ಖಾತೆಗೆ ಹೊಸ ಬಾಗಿಲುಗಳು ಆಗಿವೆ. ಅವುಗಳಲ್ಲಿ ನಮ್ಮವರಿಗೆ ಅಷ್ಟಾಗಿ ತಿಳಿಯದ ಬಾಗಿಲು ಆಧಾರ್ ಆಧಾರಿತ ಪಾವತಿ ವ್ಯವಸ್ಥೆ. ಬ್ಯಾಂಕ್ ಮಿತ್ರರ ಸಣ್ಣ ಯಂತ್ರದಲ್ಲಿ ಬ್ಯಾಂಕಿನ ಹೆಸರು ಮತ್ತು ಆಧಾರ್ ಸಂಖ್ಯೆ ಕೊಟ್ಟು ಬೆರಳು ಒತ್ತಿದರೆ ಹಣ ಬರುತ್ತದೆ. ಕಾರ್ಡು ಬೇಡ, ಪಿನ್ ಬೇಡ, ಓಟಿಪಿಯೂ ಬೇಡ. ಶಾಖೆ ದೂರವಿರುವ ಹಳ್ಳಿಗಳಲ್ಲಿ ಪಿಂಚಣಿ ಪಡೆಯುವ ವೃದ್ಧರಿಗೆ ಇದರಿಂದ ಉಪಕಾರವಾಗಿದೆ, ಅಲ್ಲಗಳೆಯುವಂತಿಲ್ಲ. ತಕರಾರು ಇರುವುದು ಬೇರೆ ಕಡೆ. ಆಧಾರ್ ಜೋಡಿಸಿದ ಎಷ್ಟೋ ಖಾತೆಗಳಲ್ಲಿ ಈ ಬಾಗಿಲು ಖಾತೆದಾರರು ಕೇಳದೆಯೇ ತೆರೆದುಕೊಂಡಿತು. ಹೀಗೊಂದು ಬಾಗಿಲು ಇದೆಯೆಂದು ಹಣ ಹೋದ ಮೇಲೆಯೇ ತಿಳಿದವರು ಅನೇಕರು.

2023ರಲ್ಲಿ ಮಂಗಳೂರು, ಬೆಂಗಳೂರು ಮೊದಲಾದೆಡೆ ಆದದ್ದು ಇದೇ. ಉಪನೋಂದಣಾಧಿಕಾರಿಗಳ ಕಛೇರಿಯಲ್ಲಿ ಆಸ್ತಿ ಪತ್ರ ನೋಂದಾಯಿಸಿದ ಕೆಲವೇ ದಿನಗಳಲ್ಲಿ ಹಲವರ ಖಾತೆಯಿಂದ ಹಣ ಹೋಯಿತು. ನೋಂದಣಿ ಪತ್ರಗಳಲ್ಲಿ ಆಧಾರ್ ಸಂಖ್ಯೆಯೂ ಬೆರಳಚ್ಚೂ ಒಟ್ಟಿಗೆ ಇದ್ದವು. ಅಂತಹ ಪತ್ರಗಳ ಪ್ರತಿಗಳು ಕಳ್ಳರ ಕೈ ಸೇರಿ, ಬೆರಳಚ್ಚಿನ ಪಡಿಯಚ್ಚು ತಯಾರಾಗಿ, ಎಲ್ಲೋ ದೂರದ ಯಂತ್ರದ ಮೇಲೆ ನಮ್ಮವರ ಬೆರಳು ಒತ್ತಿದಂತಾಯಿತು. ಆ ವರ್ಷವೇ ಮಂಗಳೂರು ಪೊಲೀಸರು ಈ ಸಂಬಂಧ ಬಿಹಾರದವರನ್ನು ಬಂಧಿಸಿದರು. ಪತ್ರಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡುವ ಕ್ರಮವೂ ಆಮೇಲೆ ಬಂತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಗಾದೆ ನೆನಪಾಗುತ್ತದೆ.

ತೋಟಗಾರರಾದ ನಾವು ಇದನ್ನು ಪೇಟೆಯ ಸಮಾಚಾರವೆಂದು ಬಿಡುವಂತಿಲ್ಲ. ಹಿಸ್ಸೆ ಪತ್ರ, ದಾನಪತ್ರ, ಸಾಲಕ್ಕಾಗಿ ತೋಟದ ಅಡಮಾನ ಹೀಗೆ ಭಟ್ಕಳ, ಹೊನ್ನಾವರ, ಕುಮಟಾದ ನೋಂದಣಿ ಕಛೇರಿಗಳಲ್ಲಿ ಬೆರಳು ಒತ್ತದ ಬೆಳೆಗಾರ ಕುಟುಂಬ ಸಿಗುವುದು ಕಷ್ಟ. ಬೀಗದ ಕೈ ಕಳೆದರೆ ಬೀಗ ಬದಲಾಯಿಸಬಹುದು, ಪಿನ್ ಕದ್ದರೆ ಹೊಸದು ಮಾಡಿಕೊಳ್ಳಬಹುದು. ಬೆರಳನ್ನು ಬದಲಾಯಿಸುವುದು ಸಾಧ್ಯವೇ?

ನಿಯಮ ಏನು ಹೇಳಿತು?

ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ವಾಣಿಜ್ಯ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ, ಅದೇ ವರ್ಷದ ಡಿಸೆಂಬರಿನಲ್ಲಿ ಸಹಕಾರಿ ಬ್ಯಾಂಕುಗಳಿಗೆ ಸುತ್ತೋಲೆ ಹೊರಡಿಸಿತು. ಅದರ ಸಾರ ಹೀಗಿದೆ. ತಪ್ಪು ಬ್ಯಾಂಕಿನದಾದರೆ ಗ್ರಾಹಕನಿಗೆ ನಷ್ಟವಿಲ್ಲ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ, ಮೂರನೆಯವರಿಂದ ಆದದ್ದು ಎಂದಾದಾಗ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೂ ನಷ್ಟವಿಲ್ಲ. ನಾಲ್ಕರಿಂದ ಏಳನೇ ದಿನದೊಳಗಾದರೆ ಸಾಮಾನ್ಯ ಉಳಿತಾಯ ಖಾತೆದಾರನ ಹೊಣೆ ಹೆಚ್ಚೆಂದರೆ 10,000 ರೂಪಾಯಿ, ಮೂಲ ಉಳಿತಾಯ ಖಾತೆಯಲ್ಲಿ 5,000. ಅದರ ನಂತರ ಆಯಾ ಬ್ಯಾಂಕಿನ ಧೋರಣೆಯಂತೆ. ದೂರು ಬಂದ 10 ಕೆಲಸದ ದಿನಗಳಲ್ಲಿ ಬ್ಯಾಂಕು ಆ ಮೊತ್ತವನ್ನು ತಾತ್ಕಾಲಿಕವಾಗಿ ಜಮೆ ಮಾಡಬೇಕು, 90 ದಿನಗಳಲ್ಲಿ ದೂರನ್ನು ಇತ್ಯರ್ಥ ಮಾಡಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ತಪ್ಪು ಗ್ರಾಹಕನದೆಂದು ರುಜುವಾತು ಮಾಡುವ ಭಾರ ಬ್ಯಾಂಕಿನ ಮೇಲಿದೆ. “ನೀವೇ ಓಟಿಪಿ ಹೇಳಿರಬೇಕು” ಎಂಬ ಊಹೆ ರುಜುವಾತಲ್ಲ. ಓಟಿಪಿಯೇ ಇಲ್ಲದ ವ್ಯವಹಾರದಲ್ಲಿ ಆ ಮಾತಿಗೆ ಅರ್ಥವೂ ಇಲ್ಲ.

ಇಲ್ಲಿ ಎರಡು ಸಂಗತಿ ಗಮನಿಸಿ. ಬೆರಳಚ್ಚಿನ ಕಳವಿನಲ್ಲಿ ಒಮ್ಮೆಗೆ ಹೋಗುವ ಮೊತ್ತ 10,000ದ ಒಳಗಿರುತ್ತದೆ. ಆದ್ದರಿಂದ ಮೂರು ದಿನ ದಾಟಿದರೆ ಹೋದ ಅಷ್ಟೂ ಹಣ ನಮ್ಮ ಹೊಣೆಗೇ ಬರಬಹುದು. ಎರಡನೆಯದಾಗಿ, ನಿಜವಾಗಿಯೂ ನಾವೇ ಪಿನ್ ಅಥವಾ ಓಟಿಪಿ ಹೇಳಿದ್ದರೆ ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ನಮ್ಮದೇ. ತಿಳಿಸಿದ ನಂತರದ್ದು ಬ್ಯಾಂಕಿನದು. ಎರಡೂ ರೀತಿಯಲ್ಲಿ ತಡ ಮಾಡುವುದೇ ನಷ್ಟದ ಮೂಲ. ದಿನ ಮತ್ತು ಮೊತ್ತದ ಮಿತಿಗಳು ಕಾಲಕಾಲಕ್ಕೆ ಬದಲಾಗುವುದುಂಟು, ಶಾಖೆಯಲ್ಲಿ ಈಗಿನದನ್ನು ಕೇಳಿ ಬರೆದಿಟ್ಟುಕೊಳ್ಳಿ.

ಸದಸ್ಯರು ಮಾಡಬೇಕಾದದ್ದು

1. ಖಾತೆಗೆ ಕೊಟ್ಟ ಮೊಬೈಲ್ ಸಂಖ್ಯೆ ಈಗಲೂ ನಿಮ್ಮ ಬಳಕೆಯಲ್ಲಿದೆಯೇ ನೋಡಿ. ಹಳೆಯ ಸಿಮ್ಮಿಗೆ ಹೋಗುವ ಸಂದೇಶ ಯಾರಿಗೂ ಉಪಯೋಗವಿಲ್ಲ. ನೆಟ್‌ವರ್ಕ್ ಸರಿಯಿಲ್ಲದ ಊರಿನವರು ತಿಂಗಳಿಗೊಮ್ಮೆ ಪಾಸ್‌ಬುಕ್ಕಿನಲ್ಲಿ ಮುದ್ರಣ ಹಾಕಿಸಿಕೊಳ್ಳಿ.

2. ಬೆರಳಿನಿಂದ ಹಣ ತೆಗೆಯುವ ಅಭ್ಯಾಸವಿಲ್ಲದವರು ಆ ಸೌಲಭ್ಯವನ್ನು ತಮ್ಮ ಖಾತೆಗೆ ನಿಲ್ಲಿಸುವಂತೆ ಶಾಖೆಗೆ ಲಿಖಿತ ಅರ್ಜಿ ಕೊಡಿ.

3. ಆಧಾರ್ ಪ್ರಾಧಿಕಾರದ ವ್ಯವಸ್ಥೆಯಲ್ಲಿ ಬೆರಳಚ್ಚಿಗೆ ಬೀಗ ಹಾಕಬಹುದು. ಮನೆಯ ಮಕ್ಕಳು ಫೋನಿನಲ್ಲೇ ಮಾಡಿಕೊಡುತ್ತಾರೆ. ಆದರೆ ಪಡಿತರ ಅಂಗಡಿ ಮೊದಲಾದ ಕಡೆ ಬೆರಳು ಒತ್ತುವ ಮುನ್ನ ಅದನ್ನು ತಾತ್ಕಾಲಿಕವಾಗಿ ತೆರೆಯಬೇಕಾಗುತ್ತದೆ, ನೆನಪಿರಲಿ.

4. ಫಸಲಿನ ಹಣ ಬರುವ ಖಾತೆ ಬೇರೆ, ದಿನದ ಖರ್ಚಿನ ಖಾತೆ ಬೇರೆ ಇರಲಿ. ಆಧಾರಿಗೆ ಜೋಡಿಸಿದ ಖಾತೆಯಲ್ಲಿ ಬೇಕಾದಷ್ಟನ್ನೇ ಇಡಿ, ಉಳಿದದ್ದನ್ನು ಠೇವಣಿ ಮಾಡಿ.

5. ಹಣ ಹೋದದ್ದು ತಿಳಿದ ಕೂಡಲೇ 1930ಕ್ಕೆ ಫೋನು ಮಾಡಿ. ಅದೇ ದಿನ ಶಾಖೆಗೆ ಲಿಖಿತ ದೂರು ಕೊಟ್ಟು, ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿ ತನ್ನಿ. ಬಾಯಿಮಾತಿನ ದೂರಿಗೆ ಸಾಕ್ಷಿಯಿಲ್ಲ.

6. ಮೂವತ್ತು ದಿನಗಳಲ್ಲಿ ಬ್ಯಾಂಕಿನಿಂದ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನಕರವಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಅದಕ್ಕೆ ವಕೀಲರಾಗಲಿ ಶುಲ್ಕವಾಗಲಿ ಬೇಕಿಲ್ಲ.

ಶಾಖೆಯ ನೌಕರರ ಮೇಲೆ ಸಿಟ್ಟು ತೀರಿಸುವುದರಿಂದ ಪ್ರಯೋಜನವಿಲ್ಲ. ಇಬ್ಬರು ಮಾಡುವ ಕೆಲಸವನ್ನು ಒಬ್ಬರೇ ಮಾಡುತ್ತಿರುವ ಶಾಖೆಗಳನ್ನು ನಾವೆಲ್ಲ ಕಂಡಿದ್ದೇವೆ. ನಾವು ಕೇಳಬೇಕಾದದ್ದು ಬ್ಯಾಂಕನ್ನು: ನಮ್ಮ ಖಾತೆಗೆ ಹೊಸ ಬಾಗಿಲು ಇಡುವ ಮೊದಲು ನಮ್ಮನ್ನು ಕೇಳಿ, ಅದನ್ನು ಮುಚ್ಚುವ ಬಗೆಯನ್ನು ಕನ್ನಡದಲ್ಲಿ ಬರೆದು ಶಾಖೆಯ ಗೋಡೆಗೆ ಹಚ್ಚಿ, ದೂರು ಕೊಟ್ಟವನಿಗೆ ಸ್ವೀಕೃತಿ ಕೊಡಿ. ಈ ಮೂರೂ ದುಬಾರಿ ಬೇಡಿಕೆಗಳಲ್ಲ.

ಲಿಖಿತ ದೂರಿನ ಮತ್ತು ಸೌಲಭ್ಯ ನಿಲ್ಲಿಸುವ ಅರ್ಜಿಯ ಕನ್ನಡ ಮಾದರಿಗಳು ಸಂಘದ ಕಛೇರಿಯಲ್ಲಿ ಸಿಗುತ್ತವೆ. ಬರೆಯಲು ಬಾರದವರಿಗೆ ಗುಮಾಸ್ತರು ಬರೆದುಕೊಡುತ್ತಾರೆ. ಈ ಸಲದ ಚಾಲಿಯ ಹಣ ಜಮೆಯಾಗುವ ಮುನ್ನವೇ ಸದಸ್ಯರು ಇದರ ಉಪಯೋಗ ಪಡೆಯಬೇಕಾಗಿ ವಿನಂತಿ.

— ಕಾರ್ಯದರ್ಶಿ