ಹಾವಿನ ಮೈಬಣ್ಣವನ್ನು ನಂಬಬಹುದೆ?

ಬೀದರಿನ ಮೂಡಣಕ್ಕೆ ಅಷ್ಟೂರಿನ ಬಯಲಲ್ಲಿ ಬಹಮನೀ ಅರಸರ ಗೋರಿಗಳಿವೆ. 1436ರಲ್ಲಿ ತೀರಿಕೊಂಡ ಅಹಮದ ಶಹಾ ವಲಿಯ ಗುಮ್ಮಟದ ಒಳಮೈಯಲ್ಲಿರುವ ಬಣ್ಣದ ಚಿತ್ತಾರವು ಲೋಕಪ್ರಸಿದ್ಧವಾದುದು. ಆದರೆ ಇಂದು ನಾವು ಹೇಳಹೊರಟಿರುವುದು ಬೇರೊಂದು ಚಿತ್ತಾರದ ಮಾತು. ಹಳೆಯ ಗೋಡೆಯ ಸಂದಿಗಳೂ ಹೊಲದ ಬದುಗಳೂ ಹಾವುಗಳಿಗೆ ಮೆಚ್ಚಿನ ತಾವುಗಳಷ್ಟೆ. ಆ ಹಾವುಗಳ ಮೈಮೇಲಣ ಬಣ್ಣವನ್ನು ನಾವು ಎಷ್ಟರಮಟ್ಟಿಗೆ ನಂಬಬಹುದು?

ಗೋಧಿನಾಗರ, ಕರಿನಾಗರ ಎಂದು ನಮ್ಮ ಜನರು ಬೇರೆ ಬೇರೆ ಜಾತಿಗಳನ್ನು ಎಣಿಸುವುದುಂಟು. ವಾಸ್ತವದಲ್ಲಿ ಇವೆರಡೂ ಒಂದೇ ಜಾತಿಯ ನಾಗರಹಾವುಗಳು. ಹೆಡೆಯ ಮೇಲಿನ ಕನ್ನಡಕದ ಗುರುತು ಕೂಡ ಕೆಲವದರಲ್ಲಿ ಮಸುಕಾಗಿರುವುದು, ಕೆಲವದರಲ್ಲಿ ಇರುವುದೇ ಇಲ್ಲ. ಕೇರೆಹಾವಿನ ಮೈಯೂ ಹಳದಿಯಿಂದ ಕಪ್ಪಿನವರೆಗೆ ಬದಲಾಗುವುದು.

ಅಮೇರಿಕದಲ್ಲಿಯೂ ಇದೇ ಕಥೆ. ಅಲ್ಲಿ 'ರಾಜಸರ್ಪ'ವೆಂಬ, ವಿಷವಿಲ್ಲದ ಹಾವೊಂದಿದೆ. ಮರುಭೂಮಿಯಲ್ಲಿ ಅದರ ಮೈ ಕಪ್ಪುಬಿಳುಪು; ಕಡಲ ಕಡೆಗೆ ಕಂದುಹಳದಿ. ಕೆಲವದಕ್ಕೆ ಅಡ್ಡಪಟ್ಟೆ, ಕೆಲವದಕ್ಕೆ ಉದ್ದಗೆರೆ. ಇವನ್ನು ಬೇರೆ ಬೇರೆ ಹಾವುಗಳೆಂದೇ ಪಂಡಿತರು ಬಹುಕಾಲ ತಿಳಿದಿದ್ದರು. ಆದರೆ ಒಂದೇ ತಾಯಿಯ ಮೊಟ್ಟೆಗಳಿಂದ ಎರಡು ಬಗೆಯ ಮರಿಗಳೂ ಹೊರಬರುವುದುಂಟು!

ಇದೆಲ್ಲ ಬರಿಯ ವಿನೋದವಾಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಬಣ್ಣದ ಭ್ರಮೆಯಿಂದ ಪ್ರಾಣಕ್ಕೆ ಎರವಾಗುವ ಪ್ರಸಂಗವೂ ಉಂಟು. ಕಪ್ಪು ಲೋಹದ ಮೇಲೆ ಬೆಳ್ಳಿಯ ಎಳೆಯನ್ನು ಕೂರಿಸಿದ ಬಿದರೀ ಹೂಜಿಯನ್ನು ಕಾಣದವರು ಬೀದರ ಸೀಮೆಯಲ್ಲಿ ಯಾರು? ಕಟ್ಟುಹಾವಿನ ಮೈಯೂ ಅದೇ ತೆರ; ಕಪ್ಪಿನ ಮೇಲೆ ಬಿಳಿಯ ಸಣ್ಣ ಪಟ್ಟೆಗಳು. ಇದರ ವಿಷವು ಅತಿ ಘೋರವಾದುದು. ಮನೆಗಳಲ್ಲಿ ಹಲ್ಲಿಗಳನ್ನು ಹಿಡಿಯುವ ತೋಳಹಾವಿಗೂ ಇಂತಹವೇ ಪಟ್ಟೆಗಳು. ಅದರಿಂದ ಮನುಷ್ಯನಿಗೆ ಅಪಾಯವಿಲ್ಲ. ತೋಳಹಾವಿನ ಪಟ್ಟೆಗಳು ಕೊರಳ ಕಡೆ ಸ್ಪಷ್ಟವಾಗಿದ್ದು ಬಾಲದ ಕಡೆ ಮಾಸುವುವು. ಕಟ್ಟುಹಾವಿನವು ಸಾಮಾನ್ಯವಾಗಿ ಬಾಲದ ಕಡೆಗೇ ಸ್ಪಷ್ಟ. ಆದರೆ ಎರಡರಲ್ಲಿಯೂ ಪಟ್ಟೆಗಳೇ ಕಾಣದ ಹಾವುಗಳು ಇರುವುದರಿಂದ, ನಡುರಾತ್ರಿಯ ಮಬ್ಬು ಬೆಳಕಿನಲ್ಲಿ ಈ ಲೆಕ್ಕವನ್ನು ನೆಚ್ಚಿ ಕೂಡುವುದು ಜಾಣತನವಲ್ಲ.

ಕಟ್ಟುಹಾವು ಹೆಚ್ಚಾಗಿ ಕಚ್ಚುವುದು ರಾತ್ರಿಯಲ್ಲಿ, ನೆಲದ ಮೇಲೆ ಮಲಗಿದವರನ್ನು. ನೋವೂ ಬಾವೂ ಅಲ್ಪ. ಕೆಲವೊಮ್ಮೆ ಕಚ್ಚಿದ ಗುರುತೂ ಕಾಣದು. ಬೆಳಗಾಗುವುದರೊಳಗೆ ಹೊಟ್ಟೆನೋವು, ರೆಪ್ಪೆಗಳ ಜೋಲು, ಉಸಿರಾಟದ ಕಷ್ಟ ತೋರಬಹುದು. ಆದುದರಿಂದ ಮಂಚದ ಮೇಲೆ ಮಲಗಿರಿ. ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಅಡಿಗೆ ಸೇರಿಸಿರಿ. ಕತ್ತಲೆಯಲ್ಲಿ ದೀಪವಿಲ್ಲದೆ ಕಾಲಿಡಬೇಡಿರಿ.

ಕಚ್ಚಿದುದು ಯಾವ ಹಾವೆಂದು ಗೊತ್ತುಮಾಡಲು ಅದನ್ನು ಅಟ್ಟಿ ಕೊಲ್ಲಹೋಗಿ ಹೊತ್ತು ಕಳೆಯಬಾರದು. ನಮ್ಮ ದೇಶದ ಆಸ್ಪತ್ರೆಗಳಲ್ಲಿ ದೊರೆಯುವ ಪ್ರತಿವಿಷದ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಒಂದೇ. ಗಾಯವನ್ನು ಕೊಯ್ಯದೆ, ಹೀರದೆ, ಬಿಗಿಯಾಗಿ ಕಟ್ಟದೆ, ಕಚ್ಚಿದ ಅಂಗವನ್ನು ಅಲುಗಾಡಿಸದೆ ರೋಗಿಯನ್ನು ಒಡನೆಯೆ ಆಸ್ಪತ್ರೆಗೆ ಒಯ್ಯುವುದೇ ಸರಿಯಾದ ಮಾರ್ಗ. ಹಾವಿನ ಬಣ್ಣವನ್ನು ಕೇಳುವುದಕ್ಕಿಂತ ಮುಂಚೆ ಗಾಡಿಯನ್ನು ಕರೆಯಿಸಿರೆಂದು ನಮ್ಮ ವಾಚಕರಲ್ಲಿ ಬಿನ್ನವಿಸಿಕೊಳ್ಳುತ್ತೇವೆ.